ಗೌಜಲಕ್ಕಿ ಮರಿಗಳ ವಸತಿ ಮತ್ತು ಶುಚಿತ್ವ: ವೆಚ್ಚದ ದೃಷ್ಟಿಯಿಂದ ಒಂದು ಅಧ್ಯಯನ

ಕಡಿಮೆ ಜಾಗ ಹಾಗೂ ಅಲ್ಪ ಬಂಡವಾಳದಲ್ಲಿ ಕೈಗೊಳ್ಳಬಹುದಾದ ಉಪಕಸುಬುಗಳಲ್ಲಿ ಗೌಜಲಕ್ಕಿ ಸಾಕಣೆಯೂ ಒಂದು. ಮಾರುಕಟ್ಟೆಯಲ್ಲಿ ಕ್ವೇಲ್ ಎಂದೇ ಪರಿಚಿತವಾಗಿರುವ ಜಪಾನಿ ಗೌಜಲಕ್ಕಿಯನ್ನು 1974ರಲ್ಲಿ ಭಾರತಕ್ಕೆ ತರಲಾಯಿತು. ಮುಂದೆ ಬರೇಲಿ ಸಮೀಪದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯು ಇದರ ತಳಿ ಅಭಿವೃದ್ಧಿಯಲ್ಲಿ ಮುಖ್ಯ ಪಾತ್ರ ವಹಿಸಿತು. ಕಾವಿಗಿಟ್ಟ 17-18 ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಯು ಸುಮಾರು 5 ವಾರಗಳಲ್ಲಿ ಮಾರಾಟಕ್ಕೆ ಸಿದ್ಧವಾಗುತ್ತದೆ. ಹೆಣ್ಣು ಹಕ್ಕಿ 6-7 ವಾರಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಹೀಗಾಗಿ ಹೂಡಿದ ಹಣ ಒಂದೇ ವರ್ಷದಲ್ಲಿ ಹಲವು ಬಾರಿ ತಿರುಗುತ್ತದೆ.

ಆದರೆ ಹವ್ಯಾಸಕ್ಕೆಂದು ಹತ್ತಿಪ್ಪತ್ತು ಹಕ್ಕಿಗಳನ್ನು ಸಾಕಿ, ಅದೇ ಉತ್ಸಾಹದಲ್ಲಿ ಐನೂರು ಮರಿಗಳನ್ನು ತರುವವರು ನಷ್ಟ ಅನುಭವಿಸುವುದು ಸಾಮಾನ್ಯವಾಗಿ ಮಾರುಕಟ್ಟೆಯಲ್ಲಲ್ಲ, ಮೊದಲ ಎರಡು ವಾರಗಳ ಗೂಡಿನಲ್ಲಿ. ಶುಚಿತ್ವಕ್ಕೆ ಮಾಡುವ ಖರ್ಚನ್ನು ಉಳಿಸುವುದು ಲಾಭವೇ ಎಂಬ ಪ್ರಶ್ನೆಯನ್ನು ಲೆಕ್ಕದ ಮೂಲಕವೇ ಪರಿಶೀಲಿಸುವುದು ಸೂಕ್ತ.

ವಸತಿ

ಹುಟ್ಟಿದಾಗ ಮರಿಯ ತೂಕ 7ರಿಂದ 10 ಗ್ರಾಂ ಮಾತ್ರ. ಇಷ್ಟು ಚಿಕ್ಕ ದೇಹವು ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಆದ್ದರಿಂದ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಒದಗಿಸಿ, ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಉಷ್ಣಮಾಪಕದಷ್ಟೇ ಮರಿಗಳ ವರ್ತನೆಯೂ ಮುಖ್ಯ. ಅವು ದೀಪದ ಕೆಳಗೆ ಗುಂಪುಗೂಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ಉಸಿರಾಡಿದರೆ ಸೆಕೆ, ಸಮನಾಗಿ ಹರಡಿಕೊಂಡಿದ್ದರೆ ಕಾವು ಸರಿಯಿದೆ ಎಂದರ್ಥ. ಒಂದೇ ದೊಡ್ಡ ಬಲ್ಬಿನ ಬದಲು ಎರಡು ಸಣ್ಣ ಬಲ್ಬುಗಳನ್ನು ಅಳವಡಿಸಿದರೆ, ಒಂದು ಕೆಟ್ಟ ರಾತ್ರಿಯೂ ಮರಿಗಳು ಉಳಿಯುತ್ತವೆ. ವಿದ್ಯುತ್ ಕಡಿತಕ್ಕೆ ಬದಲಿ ವ್ಯವಸ್ಥೆಯನ್ನು ಮರಿ ತರುವ ಮೊದಲೇ ಮಾಡಿಕೊಳ್ಳಬೇಕು.

ಮರಿಗಳ ಸುತ್ತಲಿನ ತಡೆ ವೃತ್ತಾಕಾರವಾಗಿರಬೇಕು. ಚೌಕಾಕಾರವಾದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುವ ಸಂಭವವಿರುತ್ತದೆ. ಜಾಲರಿಯ ಕಣ್ಣು ಕಾಲು ಅಂಗುಲಕ್ಕಿಂತ ದೊಡ್ಡದಿರಬಾರದು. ಮೊದಲ ಎರಡು ವಾರ 100 ಮರಿಗಳಿಗೆ 3 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗೂಡು ಸಾಕಾಗುತ್ತದೆ. 3ರಿಂದ 6ನೆಯ ವಾರದವರೆಗೆ 4 ಅಡಿ ಉದ್ದದ ಗೂಡಿನಲ್ಲಿಯೂ 50 ಹಕ್ಕಿಗಳನ್ನು ಮಾತ್ರ ಬಿಡಬೇಕು. ಅಂದರೆ ಮೊದಲ ದಿನವೇ ಎರಡನೆಯ ಹಂತದ ಜಾಗದ ವೆಚ್ಚವನ್ನೂ ಅಂದಾಜುಪಟ್ಟಿಗೆ ಸೇರಿಸಬೇಕು. ಈ ಹಕ್ಕಿ ಬೆಚ್ಚಿದಾಗ ನೇರವಾಗಿ ಮೇಲಕ್ಕೆ ಹಾರುವುದರಿಂದ, ತಲೆಗೆ ಪೆಟ್ಟಾಗದಂತೆ ಗೂಡಿನ ಮೇಲ್ಭಾಗಕ್ಕೆ ಮೃದುವಾದ ಬಲೆ ಹಾಕುವುದು ಲೇಸು.

ಹಾಸು ಮತ್ತು ಶುಚಿತ್ವ

ಒಣಗಿದ ಭತ್ತದ ಹೊಟ್ಟು ಅಗ್ಗವಾದ ಹಾಗೂ ಉತ್ತಮವಾದ ಹಾಸು. ಮೊದಲ ಕೆಲವು ದಿನ ಮರಿಗಳು ಅದನ್ನೇ ಆಹಾರವೆಂದು ಹೆಕ್ಕುವುದರಿಂದ ಮೇಲೆ ಕಾಗದ ಹಾಸಬೇಕು. ಆದರೆ ನುಣುಪಾದ ವೃತ್ತಪತ್ರಿಕೆ ಸಲ್ಲದು. ಅದರ ಮೇಲೆ ಕಾಲು ಜಾರಿ ಮರಿ ಶಾಶ್ವತವಾಗಿ ಕುಂಟಾಗಬಹುದು. ಸುಕ್ಕುಗಳಿರುವ ರಟ್ಟಿನಂತಹ ಕಾಗದ ಸೂಕ್ತ.

ಮರಿಗಳ ಗೂಡಿನಲ್ಲಿ ನಿತ್ಯವೂ ಪಾಲಿಸಬೇಕಾದ ಕ್ರಮಗಳು ಇವು:

1. ಕಾಗದವನ್ನು ಪ್ರತಿದಿನ ಬದಲಿಸುವುದು. ನೀರು ಚೆಲ್ಲಿ ಒದ್ದೆಯಾದ ಹೊಟ್ಟನ್ನು ಆಗಲೇ ತೆಗೆಯುವುದು.

2. ನೀರಿನ ತಟ್ಟೆಯನ್ನು ಪ್ರತಿದಿನ ತೊಳೆಯುವುದು. ಮರಿಗಳು ಮುಳುಗದಂತೆ ಮೊದಲ ವಾರ ಅದರಲ್ಲಿ ತೊಳೆದ ಸಣ್ಣ ಬೆಣಚುಕಲ್ಲುಗಳನ್ನು ಇಡುವುದು.

3. ಗೂಡಿನ ಮಟ್ಟಕ್ಕೆ ಬಗ್ಗಿ ವಾಸನೆ ನೋಡುವುದು. ಕಣ್ಣುರಿಸುವ ಅಮೋನಿಯಾ ವಾಸನೆ ಬಂದರೆ ಹಾಸು ಬದಲಿಸುವ ಹೊತ್ತು ಮೀರಿದೆ ಎಂದೇ ತಿಳಿಯಬೇಕು.

4. ಸತ್ತ ಮರಿಯನ್ನು ಕೂಡಲೇ ತೆಗೆದು, ಸುಣ್ಣ ಹಾಕಿ ಆಳವಾಗಿ ಹೂಳುವುದು.

ಒಂದು ತಂಡ ಮಾರಾಟವಾದ ಮೇಲೆ ಹಳೆಯ ಹಾಸನ್ನು ಪೂರ್ತಿ ತೆಗೆದು, ಗೂಡನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು, ಆನಂತರವೇ ಬ್ಲೀಚಿಂಗ್ ಪೌಡರ್ ದ್ರಾವಣ ಬಳಸಬೇಕು. ಈ ಅನುಕ್ರಮ ಮುಖ್ಯ. ಹಿಕ್ಕೆಯ ಮೇಲೆಯೇ ಸುರಿದ ಔಷಧಿ ತನ್ನ ಶಕ್ತಿಯನ್ನು ಹಿಕ್ಕೆಯಲ್ಲೇ ಕಳೆದುಕೊಳ್ಳುತ್ತದೆ. ಗೌಜಲಕ್ಕಿಗಳನ್ನು ವಿಶೇಷವಾಗಿ ಕಾಡುವ ಕರುಳಿನ ಹುಣ್ಣಿನ ರೋಗದ ಜೀವಾಣುಗಳು ಹಾಸಿನಲ್ಲಿ ಬಹುಕಾಲ ಉಳಿದು ಮುಂದಿನ ತಂಡಕ್ಕೆ ಅಂಟುತ್ತವೆ. ಆದ್ದರಿಂದ ತೊಳೆದ ಗೂಡನ್ನು ಒಣಗಿಸಿ, ಎರಡು ವಾರ ಖಾಲಿ ಬಿಡುವುದು ಸುರಕ್ಷಿತ. ಕೋಳಿಗಳೊಂದಿಗೆ ಗೌಜಲಕ್ಕಿಗಳನ್ನು ಸಾಕಬಾರದು.

ತೆಗೆದ ಹಿಕ್ಕೆಯನ್ನು ಹಸಿಯಾಗಿ ಗಿಡಗಳಿಗೆ ಹಾಕಿದರೆ ಬೇರು ಸುಡುತ್ತದೆ. ಗುಂಡಿಯಲ್ಲಿ ಕೊಳೆಸಿದರೆ ಉತ್ತಮ ಗೊಬ್ಬರವಾಗುತ್ತದೆ. ಅದರ ಮಾರಾಟದ ಹಣವನ್ನು ಉಪ ಉತ್ಪನ್ನದ ಆದಾಯವಾಗಿ ಪ್ರತ್ಯೇಕವಾಗಿ ಬರೆಯತಕ್ಕದ್ದು.

ಲೆಕ್ಕದ ಪರಿಶೀಲನೆ

ಉದಾಹರಣೆಗಾಗಿ ಮಾತ್ರ ಕೆಲವು ದರಗಳನ್ನು ಊಹಿಸಿಕೊಳ್ಳಬಹುದು. ಮರಿಯೊಂದಕ್ಕೆ 10 ರೂ., 5 ವಾರಗಳ ಆಹಾರ ಅರ್ಧ ಕಿಲೋಗೆ 20 ರೂ., ಮೊದಲ ಎರಡು ವಾರಗಳ ಆಹಾರ 4 ರೂ., ಮಾರಾಟ ದರ 45 ರೂ. ಕೂಲಿ ಮತ್ತು ವಿದ್ಯುತ್ ಎರಡೂ ಸಂದರ್ಭಗಳಲ್ಲಿ ಒಂದೇ ಆದುದರಿಂದ ಅವನ್ನು ಬಿಡಲಾಗಿದೆ.

ಮೊದಲ ಸಂದರ್ಭ: 500 ಮರಿಗಳಿಗೆ 5,000 ರೂ., ಹಾಸು ಮತ್ತು ಶುಚಿತ್ವಕ್ಕೆ 800 ರೂ. ಎರಡು ವಾರಗಳಲ್ಲಿ ಸತ್ತವು 25, ಅವು ತಿಂದ ಆಹಾರ 100 ರೂ. ಉಳಿದ 475ರ ಆಹಾರ 9,500 ರೂ. ಒಟ್ಟು ವೆಚ್ಚ 15,400 ರೂ., ಮಾರಾಟ 21,375 ರೂ., ಮಿಗತೆ 5,975 ರೂ.

ಎರಡನೆಯ ಸಂದರ್ಭ: ಶುಚಿತ್ವದ ವೆಚ್ಚವನ್ನು 300 ರೂ.ಗೆ ಇಳಿಸಲಾಗಿದೆ. ಸತ್ತವು 100, ಅವು ತಿಂದ ಆಹಾರ 400 ರೂ. ಉಳಿದ 400ರ ಆಹಾರ 8,000 ರೂ. ಒಟ್ಟು ವೆಚ್ಚ 13,700 ರೂ., ಮಾರಾಟ 18,000 ರೂ., ಮಿಗತೆ 4,300 ರೂ.

ಉಳಿಸಿದ್ದು 500 ರೂ., ಮಿಗತೆಯಲ್ಲಿ ಕಳೆದುಕೊಂಡದ್ದು 1,675 ರೂ. ಅದೇ ನೂರು ಮರಿಗಳು ನಾಲ್ಕನೆಯ ವಾರದಲ್ಲಿ, ತಲಾ 14 ರೂ. ಆಹಾರ ತಿಂದ ಮೇಲೆ ಸತ್ತರೆ ಮಿಗತೆ 3,300 ರೂ.ಗೆ ಇಳಿಯುತ್ತದೆ. ಸತ್ತ ಹಕ್ಕಿಯ ವೆಚ್ಚವನ್ನು ಬದುಕಿದ ಹಕ್ಕಿಯೇ ಹೊರಬೇಕು. ಸಾವು ತಡವಾದಷ್ಟೂ ಹೊರೆ ಹೆಚ್ಚು. ಆದುದರಿಂದ ಶುಚಿತ್ವವನ್ನು ಇತರೆ ಖರ್ಚಿನಲ್ಲಿ ಸೇರಿಸದೆ ಉತ್ಪಾದನಾ ವೆಚ್ಚವೆಂದೇ ಪರಿಗಣಿಸಬೇಕು.

ದಾಖಲೆಗಳು

ದೇಶದ ಕಾಡಿನ ಗೌಜಲಕ್ಕಿಗಳನ್ನು ಹಿಡಿದು ಸಾಕುವುದು ಕಾನೂನುಬಾಹಿರ. ಮರಿಗಳನ್ನು ಹ್ಯಾಚರಿಯಿಂದಲೇ ಖರೀದಿಸಿ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಪ್ರತಿ ತಂಡಕ್ಕೂ ಪ್ರತ್ಯೇಕ ಪುಸ್ತಕವಿಟ್ಟು ದಿನದ ಸಾವು, ಆಹಾರ, ಹಾಸು ಬದಲಿಸಿದ ದಿನಾಂಕ ಬರೆಯುವುದು ಅಗತ್ಯ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಕೇಂದ್ರದಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡು ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಅಂತಹ ಸಂದರ್ಭದಲ್ಲಿ ಹಕ್ಕಿಗಳ ಸಂಖ್ಯೆಯನ್ನು ರುಜುವಾತುಪಡಿಸಲು ಈ ಪುಸ್ತಕವೇ ಆಧಾರ. ಹಕ್ಕಿ ಸಾಕಣೆಯ ಆದಾಯವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ, ವ್ಯವಹಾರದ ಆದಾಯ ಎಂಬುದನ್ನೂ ಮರೆಯಬಾರದು.

ಮೊದಲ ತಂಡ ನೂರು ಮರಿಗಳನ್ನು ಮೀರದಿರಲಿ. ಅದರ ಸಾವಿನ ಪ್ರಮಾಣ ಹಾಗೂ ತಲಾ ವೆಚ್ಚ ಕೈಗೆ ಬಂದ ನಂತರವೇ ಎರಡನೆಯ ಗೂಡಿಗೆ ಹಣ ತೊಡಗಿಸುವುದು ವಿವೇಕದ ಮಾರ್ಗ.