ಮೂವತ್ತು-ನಲವತ್ತರ ಸೈಟಿನಲ್ಲಿ ಹಣ್ಣಿನ ಮರ

ಜೆ.ಪಿ. ನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಮಾವಿನ ಮರವಿದೆ. ನೆಟ್ಟದ್ದು ಬಾದಾಮಿ ಕಸಿ. ಏಳು ವರ್ಷ ಕಾದು ಮೊದಲ ಹಣ್ಣು ಕೊಯ್ದರೆ ಬರೀ ನಾರು, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಸಸಿ ಮಾರಿದವನು ಮೋಸ ಮಾಡಿದ ಅಂತ ಮನೆಯವರ ದೂರು. ಹೋಗಿ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದೆ. ನೆಲದಿಂದ ಒಂದು ಗೇಣು ಮೇಲೆ, ಹೆಬ್ಬೆರಳು ಗಾತ್ರದ ಒಣ ಮೋಟು. ತೊಗಟೆ ಅದನ್ನು ಅರ್ಧ ನುಂಗಿತ್ತು. ಆ ಮೋಟೇ ಬಾದಾಮಿ. ಅದರ ಕೆಳಗಿಂದ ಎದ್ದ ಚಿಗುರು ಈಗ ಮರ. ಬಾದಾಮಿ ನೆಟ್ಟವರು ಹುಳಿಮಾವಿಗೆ ಹೋಗಿ ಮುಟ್ಟಿದ್ದರು. ಆ ಊರೇನೂ ನಮಗೆ ದೂರವಲ್ಲ, ಬನ್ನೇರುಘಟ್ಟ ರಸ್ತೆಯಲ್ಲಿ ಸ್ವಲ್ಪ ಮುಂದಕ್ಕಿದೆ.

ಕಸಿ ಗಿಡ ಎಂದರೆ ಎರಡು ಗಿಡ. ಕೆಳಗಿನದು ವಾಟೆಯಿಂದ ಹುಟ್ಟಿದ ನಾಟಿ ಸಸಿ, ಮೇಲಿನದು ನಿಮಗೆ ಬೇಕಾದ ತಳಿಯ ಕಡ್ಡಿ. ಕೆಳಗಿನದಕ್ಕೆ ಯಾವಾಗಲೂ ಜೋರು ಹೆಚ್ಚು. ನೆಡುವಾಗ ಕಸಿಯ ಗಂಟು ಮಣ್ಣಿಗಿಂತ ಕನಿಷ್ಠ ಅರ್ಧ ಅಡಿ ಮೇಲಿರಲಿ. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ಬಿಚ್ಚಿ, ಇಲ್ಲದಿದ್ದರೆ ಕಾಂಡದ ಕತ್ತು ಹಿಸುಕುತ್ತದೆ. ಗಂಟಿನ ಕೆಳಗೆ ಚಿಗುರು ಕಂಡ ದಿನವೇ ಉಗುರಿನಲ್ಲಿ ಚಿವುಟಿ ಹಾಕಿ. ಮೊದಲ ಎರಡು ಮೂರು ವರ್ಷ ಬಂದ ಹೂವನ್ನೂ ತೆಗೆಯಬೇಕು. ಮನಸ್ಸು ಒಪ್ಪುವುದಿಲ್ಲ, ಆದರೆ ಎಳೆಗಿಡಕ್ಕೆ ಕಾಯಿ ಹೊರಿಸಿದರೆ ಅದು ಕುಳ್ಳಗೇ ನಿಂತುಬಿಡುತ್ತದೆ.

ನಮ್ಮ ಕಡೆಯ ಇನ್ನೊಂದು ತೊಂದರೆ ಮಣ್ಣಿನದು. ಬೆಂಗಳೂರಿನ ಕೆಂಪು ಮಣ್ಣು ಹಣ್ಣಿನ ಗಿಡಕ್ಕೆ ಒಳ್ಳೆಯದೇ. ಆದರೆ ಮನೆ ಸುತ್ತ ಇರುವುದು ಆ ಮಣ್ಣಲ್ಲ. ಕಟ್ಟುವಾಗ ಉಳಿದ ಸಿಮೆಂಟು, ಇಟ್ಟಿಗೆ ಚೂರು, ಗಾರೆಯನ್ನೆಲ್ಲ ಮೇಸ್ತ್ರಿ ಹಿತ್ತಲಿಗೆ ಸುರಿದು ಮೇಲೆ ನಾಲ್ಕು ಬುಟ್ಟಿ ಮಣ್ಣು ಹರಡಿರುತ್ತಾನೆ. ಗಿಡ ಎರಡು ವರ್ಷ ಚೆನ್ನಾಗಿದ್ದು, ಆಮೇಲೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸುಣ್ಣದ ಅಂಶ ಹೆಚ್ಚಿದ ಮಣ್ಣಿನಲ್ಲಿ ಬೇರಿಗೆ ಕಬ್ಬಿಣ ಸಿಗದು. ಗಡಸಾದ ಬೋರ್‌ವೆಲ್ ನೀರು ಇದನ್ನು ಇನ್ನೂ ಹೆಚ್ಚಿಸುತ್ತದೆ. ಹಾಗಾಗಿ ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಕಲ್ಲುಕಸವನ್ನೆಲ್ಲ ಆರಿಸಿ, ಹೊರಗಿನ ಕೆಮ್ಮಣ್ಣಿಗೆ ಒಂದು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆ.ಜಿ. ಬೇವಿನ ಹಿಂಡಿ ಬೆರೆಸಿ ತುಂಬಿ. ಆಗಲೇ ನೆಟ್ಟಾಗಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಿಟ್ರಸ್ ಸ್ಪೆಷಲ್’, ‘ಅರ್ಕಾ ಮ್ಯಾಂಗೋ ಸ್ಪೆಷಲ್’ ಲಘು ಪೋಷಕಾಂಶಗಳನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಎಲೆಗೆ ಸಿಂಪಡಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ. ಬುಡದವರೆಗೂ ಟೈಲ್ಸ್ ಹಾಕಿಸಬೇಡಿ. ಮೂರಡಿ ಚೌಕವಾದರೂ ಮಣ್ಣಿನ ಮುಖ ಕಾಣಬೇಕು.

ಏನು ನೆಡುವುದು? ಹಲಸು, ನೇರಳೆ, ಬಟರ್ ಫ್ರೂಟ್ ಬೇಡ. ಅವು ತೋಟದ ಮರಗಳು, ಕಾಂಪೌಂಡಿನವಲ್ಲ. ಬಾದಾಮಿಯೂ ದೊಡ್ಡದಾಗಿ ಬೆಳೆಯುವುದಲ್ಲದೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುತ್ತದೆ. ದಶೇರಿ ಮತ್ತು ನೀಲಂ ಸೇರಿಸಿ ಮಾಡಿದ ಆಮ್ರಪಾಲಿ ಗಿಡ್ಡ ತಳಿ, ವರ್ಷವೂ ಕಾಯಿ ಬಿಡುತ್ತದೆ, ಮಾವೇ ಬೇಕೆಂದರೆ ಅದು ಸರಿ. ಆದರೆ ನಾನಾದರೆ ಮೊದಲು ನೆಡುವುದು ಸೀಬೆ. ಬಿಳಿ ತಿರುಳಿನ ಅರ್ಕಾ ಮೃದುಲಾ, ಕೆಂಪು ತಿರುಳಿನ ಅರ್ಕಾ ಕಿರಣ್ ಎರಡೂ ಹೆಸರಘಟ್ಟದವು. ಮೃದುಲಾದ ಬೀಜ ಮೆತ್ತಗಿರುವುದರಿಂದ ಹಲ್ಲಿಲ್ಲದವರೂ ತಿನ್ನಬಹುದು.

ಸೀಬೆಯ ಗುಟ್ಟು ಇಷ್ಟೇ: ಹೂ ಬರುವುದು ಹೊಸ ಚಿಗುರಿನಲ್ಲಿ. ಕತ್ತರಿಸದೆ ಬಿಟ್ಟರೆ ಹಣ್ಣು ಎರಡನೇ ಮಹಡಿಯ ಕಿಟಕಿಗೆ ಹೋಗುತ್ತದೆ, ಅಲ್ಲಿ ತಿನ್ನುವುದು ಅಳಿಲು ಮತ್ತು ಬಾವಲಿ. ನೆಟ್ಟ ಗಿಡ ಎರಡಡಿ ಆದಾಗ ತುದಿ ಕತ್ತರಿಸಿ, ಸುತ್ತಲೂ ನಾಲ್ಕು ದಿಕ್ಕಿಗೆ ನಾಲ್ಕು ಕೊಂಬೆ ಇಟ್ಟುಕೊಳ್ಳಿ. ಅವು ಬೆಳೆದ ಮೇಲೆ ಮತ್ತೆ ಅರ್ಧಕ್ಕೆ ಕತ್ತರಿಸಿ. ಆರಡಿಗಿಂತ ಮೇಲೆ ಬಿಡಬೇಡಿ. ಅಂದರೆ ನೆಲದ ಮೇಲೆ ನಿಂತು ಕೈ ಎತ್ತಿದರೆ ಕೊನೆಯ ಹಣ್ಣು ಸಿಗಬೇಕು. ಆಮೇಲೆ ಪ್ರತಿ ಮೇ ತಿಂಗಳು ಹಿಂದಿನ ಚಿಗುರನ್ನು ಅರ್ಧಕ್ಕೆ ಇಳಿಸಿ, ಆಗ ಇರುವ ಹೂವು ಹೀಚನ್ನೂ ತೆಗೆದುಬಿಡಿ. ನಷ್ಟವಾಯಿತು ಅನ್ನಿಸುತ್ತದೆ. ನಷ್ಟವಲ್ಲ, ಮಳೆಗಾಲದ ಸೀಬೆ ಹೇಗೂ ಸಪ್ಪೆ, ಕೊಯ್ದರೆ ಒಳಗೆ ಹುಳ. ಮೇನಲ್ಲಿ ಕತ್ತರಿಸಿದ ಕೊಂಬೆ ಜೂನ್-ಜುಲೈಯಲ್ಲಿ ಹೂವಾಗಿ ನವೆಂಬರ್-ಡಿಸೆಂಬರ್ ಚಳಿಯಲ್ಲಿ ಹಣ್ಣು ಕೊಡುತ್ತದೆ. ಆ ಹಣ್ಣಿನ ಸಿಹಿಯೇ ಬೇರೆ.

ಮಾವಿಗೆ ಈ ಲೆಕ್ಕ ನಡೆಯದು. ಮಾವಿನ ಹೂ ಬರುವುದು ಬಲಿತ ಚಿಗುರಿನ ತುದಿಯಲ್ಲಿ. ಹಣ್ಣು ಮುಗಿದ ಕೂಡಲೇ, ಜೂನ್-ಜುಲೈಯಲ್ಲಿ, ನಡುವೆ ಬಿಸಿಲು ಇಳಿಯುವಂತೆ ಬಿಡಿಸಿ. ಆಗಸ್ಟ್ ದಾಟಿದ ಮೇಲೆ ಕತ್ತರಿ ಮುಟ್ಟಬೇಡಿ, ಡಿಸೆಂಬರ್ ಹೊತ್ತಿಗೆ ಚಿಗುರು ಬಲಿಯುವುದಿಲ್ಲ. ಸೀತಾಫಲ ಎಲೆ ಉದುರಿಸಿ ಬೋಳಾಗಿ ನಿಂತಾಗ, ಜನವರಿ-ಫೆಬ್ರವರಿಯಲ್ಲಿ ಸವರಿದರೆ ಸಾಕು. ಹೆಬ್ಬೆರಳಿಗಿಂತ ದಪ್ಪನೆಯ ಗಾಯಕ್ಕೆಲ್ಲ ಬೋರ್ಡೋ ಪೇಸ್ಟ್ ಬಳಿಯಿರಿ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಆಮೇಲೆ ಎರಡನ್ನೂ ಬೆರೆಸಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣದ್ದಾದರೆ ತೂತು ಬೀಳುತ್ತದೆ.

ಹಣ್ಣಿನ ನೊಣದ ವಿಷಯ. ಸೀಬೆಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ: ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ಸುತ್ತ ಒತ್ತಿದರೆ ತಗ್ಗುವ ಮೆತ್ತನೆ ಜಾಗ. ಹೆಣ್ಣು ನೊಣ ಮೊಟ್ಟೆಯಿಟ್ಟ ಗುರುತದು. ಹಣ್ಣು ಉದುರಿದ ಮೇಲೆ ಹುಳು ಹೊರಬಂದು ಮಣ್ಣಿನಲ್ಲಿ ಕೋಶವಾಗಿ, ಕೆಲವೇ ದಿನಗಳಲ್ಲಿ ಮತ್ತೆ ನೊಣ. ಉದುರಿದ್ದನ್ನು ದಿನಾ ಆರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಮೂರು ದಿನ ಬಿಸಿಲಿಗಿಡಿ, ಆಮೇಲೆ ಆಳವಾಗಿ ಹೂಳಿ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗಲೇ ಒಂದೊಂದಕ್ಕೂ ಹಳೇ ಬಟ್ಟೆಯ ಚೀಲ ಕಟ್ಟಿ. ಅಂಗಡಿಯಲ್ಲಿ ಸಿಗುವ ಮೀಥೈಲ್ ಯೂಜಿನಾಲ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ನೀವೊಬ್ಬರೇ ನೇತುಹಾಕಿದರೆ ಪ್ರಯೋಜನ ಕಡಿಮೆ, ಇಡೀ ಬೀದಿ ಹಾಕಿದರೆ ಫಲ ಉಂಟು.

ಹಿಟ್ಟು ತಿಗಣೆ ಕಂಡರೆ ಗಾಬರಿಯಾಗಿ ಕಂಡದ್ದನ್ನೆಲ್ಲ ಹೊಡೆಯಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ಪಪ್ಪಾಯಿ ತೋಟಗಳನ್ನು ಮುಗಿಸಿಬಿಡುತ್ತಿತ್ತು. ಅದನ್ನು ತಗ್ಗಿಸಿದ್ದು ವಿಷವಲ್ಲ, ಪೋರ್ಟೊರಿಕೊದಿಂದ 2010ರಲ್ಲಿ ನಮ್ಮ ಹೆಬ್ಬಾಳದ ಕೀಟ ಸಂಸ್ಥೆಗೆ ತರಿಸಿ, ಬೆಳೆಸಿ ಬಿಟ್ಟ ಒಂದು ಪುಟಾಣಿ ಕಣಜ. ಕಡು ವಿಷ ಹೊಡೆದರೆ ಮೊದಲು ಸಾಯುವುದು ಇಂಥ ನೆಂಟರೇ. ನೀರಿನ ಪೈಪಿನಿಂದ ಜೋರಾಗಿ ತೊಳೆಯಿರಿ, ಬಗ್ಗದಿದ್ದರೆ ಬೇವಿನ ಅಥವಾ ಹೊಂಗೆ ಸಾಬೂನಿನ ದ್ರಾವಣ. ನಿಂಬೆ ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗೂ ಅದೇ. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಮಾತ್ರ ಚಿಟ್ಟೆಯದು, ದೊಡ್ಡ ಗಿಡವಾದರೆ ಅದರ ಪಾಡಿಗೆ ಬಿಡಿ.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರಬಹುದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಹಿಡಿದರೆ ಎರಡು ಗಿಡ ಬದುಕುತ್ತವೆ. ಬೋರ್‌ವೆಲ್ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಗಟ್ಟಿಯಾಗಿರುತ್ತದೆ, ದಿನಾ ಅದನ್ನೇ ಹಾಕಬೇಡಿ. ನೀರು ಸುರಿಯಬೇಕಾದ್ದು ಕಾಂಡಕ್ಕಲ್ಲ, ಕೊಂಬೆಯ ನೆರಳು ಮುಗಿಯುವ ಅಂಚಿಗೆ. ಬುಡದಲ್ಲಿ ನಾಲ್ಕಿಂಚು ತರಗೆಲೆ ಹೊದಿಸಿದರೆ ಬೇಸಿಗೆಯಲ್ಲೂ ವಾರಕ್ಕೆರಡು ಬಕೆಟ್ ಸಾಕು.

ಆ ಹುಳಿ ಮರವನ್ನು ಕಡಿಯುವುದು ಬೇಡವೆಂದೆ. ಜುಲೈಯಲ್ಲಿ ಎದೆಮಟ್ಟಕ್ಕೆ ಕೊಂಬೆಗಳನ್ನು ಕತ್ತರಿಸಿ, ಬೇರಿಗೆ ಆಹಾರ ಕೊಡಲು ಒಂದು ಕೊಂಬೆ ಮಾತ್ರ ಬಿಟ್ಟೆವು. ಮುಂದಿನ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹೊಸ ಚಿಗುರು ಪೆನ್ಸಿಲ್ ದಪ್ಪ ಆಗಿತ್ತು. ಎರಡಕ್ಕೆ ಬಾದಾಮಿ, ಎರಡಕ್ಕೆ ಮಲ್ಲಿಕಾ ಕಡ್ಡಿ ಕಸಿ ಕಟ್ಟಿ, ತುದಿಗೆ ಪ್ಲಾಸ್ಟಿಕ್ ಕೊಳವೆ ಮುಚ್ಚಿದೆವು. ಮೂರು ಹತ್ತಿದವು. ಉಳಿಸಿದ ಹಳೇ ಕೊಂಬೆಯನ್ನು ಈಗ ತೆಗೆಯಬೇಕು. ಆ ಮನೆಯ ಅಜ್ಜಿ ಒಪ್ಪುತ್ತಿಲ್ಲ, ಉಪ್ಪಿನಕಾಯಿಗೆ ಅದೇ ಬೇಕಂತೆ.