ಒಂದೇ ಮಳೆಗೆ ಎಲ್ಲಾ ಬೀಜವೂ ಏಕೆ ಮೊಳೆಯುವುದಿಲ್ಲ?

ಕಳೆ ತೆಗೆಸಿ, ಕೂಲಿ ಬಟವಾಡೆ ಮಾಡಿ ತಿಂಗಳಾಗಿರುವುದಿಲ್ಲ, ಅದೇ ಜಾಗದಲ್ಲಿ ಮತ್ತೆ ಹಸಿರು ಎದ್ದಿರುತ್ತದೆ. ಆಳುಗಳು ಸರಿಯಾಗಿ ಕೀಳಲಿಲ್ಲವೆಂದು ಗೊಣಗುವುದು ನಮ್ಮೆಲ್ಲರ ವಾಡಿಕೆ. ಬಹಳ ಸಲ ತಪ್ಪು ಆಳುಗಳದ್ದಲ್ಲ. ಮೊದಲ ಮಳೆಗೆ ಮೊಳೆಯದೆ ಮಣ್ಣಿನಲ್ಲಿ ಕಾದಿದ್ದ ಬೀಜ ಈಗ ಎದ್ದಿರುತ್ತದೆ. ಅದು ಏಕೆ ಕಾಯಿತೆಂದು ತಿಳಿದರೆ ಕಳೆಯ ಖರ್ಚನ್ನು ಸ್ವಲ್ಪವಾದರೂ ಇಳಿಸಬಹುದು.

ನಮ್ಮ ಕಾಫಿ, ಅಡಿಕೆಗಳು ಹೀಗೆ ಕಾಯುವ ಜಾತಿಯವಲ್ಲ. ಕಾಫಿ ಬೀಜ ಹಳತಾದರೆ ಮೊಳಕೆಯ ಶಕ್ತಿ ಬೇಗ ಕುಂದುತ್ತದೆ. ಬಿತ್ತನೆಯ ಗೋಟು ಒಣಗಿಹೋದರೆ ಮೊಳೆಯುವುದಿಲ್ಲ. ಆದರೆ ಈ ಗಿಡಗಳಿಗೆ ಹತ್ತಾರು ವರ್ಷದ ಆಯುಸ್ಸು. ಒಂದು ವರ್ಷ ಹೂ ಮಳೆ ಕೈಕೊಟ್ಟರೆ ಫಸಲು ಹೋದೀತು, ಗಿಡ ಉಳಿದು ಮುಂದಿನ ವರ್ಷ ಹೂ ಬಿಡುತ್ತದೆ. ಕೆಲವೇ ತಿಂಗಳು ಬದುಕುವ ಕಳೆಗೆ ಈ ಅನುಕೂಲವಿಲ್ಲ. ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದು, ಬಳಿಕ ಬಿಸಿಲು ಹಿಡಿದರೆ, ಆ ಮಳೆಯನ್ನು ನಂಬಿ ಮೊಳೆತ ಸಸಿ ಬೀಜ ಕಟ್ಟುವ ಮೊದಲೇ ಒಣಗುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಎರಡು ಜಾತಿಯ ಕಳೆ, ತಲಾ 100 ಬೀಜ. ಒಳ್ಳೆಯ ವರ್ಷದಲ್ಲಿ ಒಂದು ಸಸಿ 10 ಬೀಜ ಕೊಡುತ್ತದೆ, ಕೆಟ್ಟ ವರ್ಷದಲ್ಲಿ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಮೊದಲನೆಯದು ಎಲ್ಲಾ ಬೀಜವನ್ನೂ ಒಮ್ಮೆಗೇ ಮೊಳೆಯಿಸುತ್ತದೆ; ಎರಡನೆಯದು ಅರ್ಧ ಮಾತ್ರ. ಮೊದಲ ವರ್ಷ ಒಳ್ಳೆಯದಾದರೆ ಮೊದಲನೆಯದು 1,000, ಎರಡನೆಯದು 550. ಎರಡನೆಯ ವರ್ಷ ಕೆಟ್ಟರೆ ಮೊದಲನೆಯದು ಸೊನ್ನೆ. ಎರಡನೆಯದರ ಬಳಿ ಇನ್ನೂ 275 ಇದೆ. ಮೂರನೆಯ ವರ್ಷ ಮಳೆ ಸರಿಯಾದರೆ ಅದು ಒಂದೂವರೆ ಸಾವಿರ ದಾಟುತ್ತದೆ. ಮಣ್ಣಿನಲ್ಲಿ ಕೊಳೆಯುವ ಬೀಜವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಪ್ರತಿ ವರ್ಷವೂ ಮಳೆ ಸರಿಯಾಗಿದ್ದರೆ ಮೊದಲನೆಯದೇ ಮುಂದೆ ಇರುತ್ತಿತ್ತು. ಬಂದ ಹಣವನ್ನೆಲ್ಲ ತೋಟಕ್ಕೇ ಸುರಿಯದೆ ಒಂದಿಷ್ಟನ್ನು ಠೇವಣಿ ಇಡುವ ಬೆಳೆಗಾರನ ಹಾಗೆಯೇ ಎರಡನೆಯದರ ನಡೆ.

ಇಸ್ರೇಲಿನ ಡಾನ್ ಕೋಹೆನ್ ಎಂಬ ವಿಜ್ಞಾನಿ 1966ರಲ್ಲಿ ಇದನ್ನು ಗಣಿತದಿಂದ ತೋರಿಸಿದರು. ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ ಲಾರೆನ್ಸ್ ವೆನಬಲ್ ಮತ್ತು ಸಂಗಡಿಗರು 1982ರಿಂದ ವರ್ಷ ವರ್ಷವೂ ಸಸಿ, ಬೀಜಗಳನ್ನು ಎಣಿಸುತ್ತ ಬಂದರು. ಯಾವ ಜಾತಿಯ ಫಲ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗುವುದೋ, ಆ ಜಾತಿ ಕಡಿಮೆ ಪಾಲು ಬೀಜವನ್ನು ಮೊಳೆಯಿಸುತ್ತದೆಂದು ಅವರು ಕಂಡರು.

ಅಷ್ಟು ದೂರ ಹೋಗಬೇಕಾಗಿಲ್ಲ. ತೋಟದಲ್ಲಿ ತಿರುಗಿ ಬಂದಾಗ ಪಂಚೆಗೆ ಅಂಟುವ ಕಪ್ಪು ಸೂಜಿಯಂಥ ಬೀಜ ನಮಗೆಲ್ಲ ಗೊತ್ತು. ಅದು ಬೈಡೆನ್ಸ್ ಎಂಬ ಕಳೆಯದು. ಒಂದೇ ಹೂವಿನ ನಡುವೆ ಉದ್ದದ ಬೀಜ, ಅಂಚಿನಲ್ಲಿ ಗಿಡ್ಡ ಬೀಜ ಇರುತ್ತವೆ. ಉದ್ದದ್ದು ಸುಲಭವಾಗಿ ಮೊಳೆಯುತ್ತದೆ. ಗಿಡ್ಡದ್ದು ತಡೆದು ಮೊಳೆಯುತ್ತದೆ. ಒಂದೇ ತಾಯಿ, ಎರಡು ಸ್ವಭಾವದ ಮಕ್ಕಳು.

ಇನ್ನು ನಾಯಿತುಳಸಿ, ಅಂದರೆ ಅಜೆರೇಟಮ್. ಅದರ ಬೀಜ ಮೊಳೆಯಲು ಬೆಳಕು ಬೇಕು. ಮಣ್ಣಿನಡಿ ಹೂತದ್ದು ಸುಮ್ಮನಿರುತ್ತದೆ. ನಾವು ಗುದ್ದಲಿ ಹಾಕಿ ಮಣ್ಣು ಮಗುಚಿದೊಡನೆ ಬೆಳಕು ಕಂಡು ಏಳುತ್ತದೆ. ಒಮ್ಮೆ ಚೆನ್ನಾಗಿ ಅಗೆಸಿದರೆ ಕಳೆ ತೀರಿತೆಂದು ನಾವೂ ಬಹಳ ವರ್ಷ ನಂಬಿದ್ದೆವು. ಕಳೆಯನ್ನು ನಾವೇ ಎಬ್ಬಿಸುತ್ತಿದ್ದೆವೆಂದು ತಡವಾಗಿ ತಿಳಿಯಿತು.

ಇದರಿಂದ ನಾವು ಕಲಿಯಬೇಕಾದುದು ಇಷ್ಟು:

1. ಕಳೆ ಹೂ ಬಿಡುವ ಮೊದಲೇ ಕೀಳಬೇಕು ಅಥವಾ ಸವರಬೇಕು. ಒಂದು ವಾರದ ಉದಾಸೀನದಿಂದ ಉದುರಿದ ಬೀಜ ಹಲವು ವರ್ಷದ ಕೂಲಿ ತಿನ್ನುತ್ತದೆ.

2. ಒಂದೇ ದೊಡ್ಡ ಕೆಲಸಕ್ಕಿಂತ, ಮಳೆಗಳ ಹಿಂದೆ ಹಿಂದೆ ಎರಡು ಮೂರು ಸಣ್ಣ ಸುತ್ತು ಮೇಲು.

3. ಅಗತ್ಯವಿಲ್ಲದೆ ಮಣ್ಣು ಕೆದಕಬೇಡಿ. ದರಗು, ಸೊಪ್ಪು, ಸೋಗೆಗಳ ಹೊದಿಕೆ ಬೆಳಕನ್ನು ತಡೆಯುತ್ತದೆ. ಇಳಿಜಾರಿನಲ್ಲಿ ಮಣ್ಣೂ ಉಳಿಯುತ್ತದೆ.

4. ಎಲೆಯ ಮೇಲೆ ಬಿದ್ದು ಕೆಲಸ ಮಾಡುವ ಕಳೆನಾಶಕ ನಿಂತ ಗಿಡವನ್ನು ಕೊಲ್ಲುತ್ತದೆ. ಮಣ್ಣಿನಲ್ಲಿರುವ ಬೀಜವನ್ನು ಮುಟ್ಟುವುದಿಲ್ಲ. ಒಂದು ಸಿಂಪಡಣೆಗೆ ಕೆಲಸ ಮುಗಿಯಿತೆಂದು ಸಾಲ ಮಾಡಿ ಔಷಧಿ ಕೊಳ್ಳಬೇಡಿ.

ಸದಸ್ಯರಲ್ಲಿ ಒಂದು ಕೋರಿಕೆ. ತೋಟದ ಮೂಲೆಯಲ್ಲಿ ಒಂದು ಮಾರು ಉದ್ದ, ಒಂದು ಮಾರು ಅಗಲದ ಜಾಗಕ್ಕೆ ನಾಲ್ಕು ಗೂಟ ಹೊಡೆಯಿರಿ. ಪ್ರತಿ ಮಳೆಯ ಹದಿನೈದು ದಿನದ ಬಳಿಕ ಎದ್ದ ಸಸಿಗಳನ್ನು ಎಣಿಸಿ, ಕಿತ್ತು, ಬರೆದಿಡಿ. ಹೊಸ ಬೀಜ ಬೀಳಲು ಬಿಡಬೇಡಿ. ವರ್ಷದ ಕೊನೆಗೆ ಆ ಲೆಕ್ಕವನ್ನು ಸಂಘಕ್ಕೆ ತನ್ನಿ. ಯಾವ ಮಳೆಗೆ ಎಷ್ಟು ಕಳೆ ಏಳುತ್ತದೆಂದು ನಮ್ಮ ಮಣ್ಣೇ ಹೇಳಲಿ; ಆಳು ಕರೆಯುವ ದಿನವನ್ನು ಅದರಂತೆ ಗೊತ್ತುಮಾಡೋಣ.