ಮೊದಲ ಹ್ಯಾಮ್ ಸೆಟ್: ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ಬದಿಯಡ್ಕ ಬಳಿ ಗುಡ್ಡದ ಬುಡದಲ್ಲಿ ನಮ್ಮ ಮನೆ, ಸುತ್ತ ಅಡಿಕೆ ತೋಟ. ಹ್ಯಾಮ್ ಲೈಸೆನ್ಸ್ ಕೈಸೇರಿದೆ. ಈಗಲೇ ಹ್ಯಾಂಡಿ ಕೊಳ್ಳಲೇ, ಎಚ್‌ಎಫ್ ಸೆಟ್‌ಗೆ ದುಡ್ಡು ಕೂಡಿಡಲೇ?

ಉತ್ತರ: ಕೂಡಿಡಿ. ಹ್ಯಾಂಡಿ ಬಳಸುವ 144–146 ಮೆಗಾಹರ್ಟ್ಸ್ ಅಲೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಗುಡ್ಡ ಅಡ್ಡವಿದ್ದರೆ 5 ವಾಟ್‌ಗೆ ರಿಪೀಟರ್ ಸಿಗುವುದು ಅನುಮಾನ. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಮನೆಗೆ ಕರೆದು, ಅವರ ಹ್ಯಾಂಡಿಯಿಂದಲೇ ನಿಮ್ಮ ಅಂಗಳದಲ್ಲಿ ಪರೀಕ್ಷಿಸಿ ನೋಡಿ.

ಎಚ್‌ಎಫ್ ಸೆಟ್ಟಿನ 7 ಮೆಗಾಹರ್ಟ್ಸ್‌ನಲ್ಲಿ ಕರ್ನಾಟಕ, ಕೇರಳವೆಲ್ಲ ಹಗಲಲ್ಲೇ ಮಾತಿಗೆ ಸಿಗುತ್ತದೆ. ಸೆಕೆಂಡ್‌ಹ್ಯಾಂಡ್ ಸೆಟ್ ಸಾಕು, ಆದರೆ ಬಿಲ್ ಕೇಳಿ ಪಡೆಯಿರಿ. 100 ವಾಟ್‌ನದಾದರೆ 13.8 ವೋಲ್ಟ್‌ನಲ್ಲಿ 20 ಆಂಪಿಯರ್‌ಗೂ ಮಿಕ್ಕಿ ಕೊಡುವ ಪವರ್ ಸಪ್ಲೈ ಬೇಕು. ಪವರ್ ಮಾತ್ರ ಲೈಸೆನ್ಸ್‌ನ ಮಿತಿಯೊಳಗೇ ಇರಲಿ.

ಆಂಟೆನಾಕ್ಕೆ ನಿಮ್ಮ ತೋಟವೇ ಆಸ್ತಿ. ಮರಗಳ ನಡುವೆ ಡೈಪೋಲ್ ಕಟ್ಟಬಹುದು: ತಾಮ್ರದ ವೈರ್ ಒಂದೊಂದು ಬದಿಗೆ ಸುಮಾರು 10 ಮೀಟರ್. ತುಸು ಉದ್ದವೇ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ ಎರಡೂ ತುದಿಗಳನ್ನು ಸಮವಾಗಿ ಮೊಟಕು ಮಾಡಿ. ಅಡಿಕೆ ಮರ ಗಾಳಿಗೆ ತೂಗುತ್ತದೆ, ತುದಿಯ ನೈಲಾನ್ ಹಗ್ಗ ಬಿಗಿಯಬೇಡಿ. ಕರೆಂಟ್ ಲೈನಿನ ಹತ್ತಿರವಂತೂ ವೈರ್ ಎಳೆಯಲೇಬೇಡಿ.

ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಗುಡುಗಿನ ದಿನಗಳಲ್ಲಿ, ಮೋಡ ಕಟ್ಟುವ ಮೊದಲೇ ಆಂಟೆನಾ ಕೇಬಲ್ ಸೆಟ್ಟಿನಿಂದ ಕಳಚಿ ಮನೆಯ ಹೊರಗಿಡಿ. ಅರ್ಥಿಂಗ್ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.